ಹುಡುಕಿದರೆ ಸಿಗುತ್ತದೆಂಬ ನಂಬಿಕೆ: ತಾಳಮದ್ದಲೆಯ ಧ್ವನಿಸಂಗ್ರಹಗಳ ನೆಲೆಯಿಂದ ಒಂದು ಖಂಡನೆ

ಗಣಕಯಂತ್ರದಲ್ಲಿ ಸಾವಿರಾರು ಕಡತಗಳನ್ನು ಕೂಡಿಹಾಕಿಕೊಂಡವರಿಗೆ ಈಗ ಎಲ್ಲ ಕಡೆಯಿಂದ ದೊರೆಯುವ ಸಲಹೆ ಒಂದೇ ಬಗೆಯದು. ವಿಂಗಡಿಸುವುದು, ಪಟ್ಟಿಮಾಡುವುದು, ಒಂದೊಂದಕ್ಕೂ ವಿವರ ಬರೆದಿಡುವುದು ಗ್ರಂಥಾಲಯದ ಕಾರ್ಡುಗಳ ಕಾಲದ ಅಭ್ಯಾಸವೆಂದೂ, ಎಲ್ಲವನ್ನೂ ಒಂದೆಡೆ ಸುರಿದಿಟ್ಟು ಬೇಕಾದಾಗ ನಾಲ್ಕಕ್ಷರ ಬರೆದು ಹುಡುಕಿದರೆ ಯಂತ್ರವೇ ತಂದುಕೊಡುತ್ತದೆಂದೂ, ಇಂದಿನ ಯಂತ್ರದಿಂದ ಆಗದಿದ್ದರೆ ನಾಳಿನ ಕೃತಕ ಬುದ್ಧಿಮತ್ತೆಯಿಂದ ಆಗುತ್ತದೆಂದೂ ಈ ಸಲಹೆ ಹೇಳುತ್ತದೆ. 2004ರಲ್ಲಿ ಬಂದ ಜಿಮೇಲ್, ಪತ್ರಗಳನ್ನು ವಿಂಗಡಿಸುವ ಬದಲು ಹುಡುಕಿಕೊಳ್ಳಬಹುದೆಂಬುದನ್ನೇ ತನ್ನ ಮುಖ್ಯ ಆಕರ್ಷಣೆಯಾಗಿ ಸಾರಿತು. 2007ರಲ್ಲಿ ಡೇವಿಡ್ ವೈನ್‌ಬರ್ಗರ್ ಪ್ರಕಟಿಸಿದ ‘ಎವೆರಿಥಿಂಗ್ ಈಸ್ ಮಿಸಲೇನಿಯಸ್’ ಎಂಬ ಪುಸ್ತಕವು ಡಿಜಿಟಲ್ ಲೋಕದಲ್ಲಿ ವಸ್ತುಗಳಿಗೆ ನಿಶ್ಚಿತವಾದ ಒಂದು ಸ್ಥಾನ ಬೇಕಿಲ್ಲವೆಂಬ ವಾದವನ್ನು ಮುಂದಿಟ್ಟಿತು. ಅಲ್ಲಿಂದೀಚೆಗೆ ಇದು ಚರ್ಚೆಯ ವಿಷಯವಾಗಿ ಉಳಿಯದೆ ಸಾಮಾನ್ಯಜ್ಞಾನವೇ ಆಗಿಬಿಟ್ಟಿದೆ. ಮನೆಮನೆಗಳಲ್ಲಿರುವ ದೊಡ್ಡ ಖಾಸಗಿ ಸಂಗ್ರಹಗಳ ಮಟ್ಟಿಗೆ ಈ ನಂಬಿಕೆ ಪೂರ್ತಿಯಾಗಿ ತಪ್ಪು. ಕನ್ನಡದ ಸಂಗ್ರಹಗಳ ಮಟ್ಟಿಗಂತೂ ಅದರಿಂದ ಆಗುತ್ತಿರುವ ಹಾನಿ ಮುಂದೆ ಸರಿಪಡಿಸಲಾಗದಂಥದು. ಕರಾವಳಿಯ ತಾಳಮದ್ದಲೆ ಕೂಟಗಳ ಧ್ವನಿಮುದ್ರಣಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ.

ತಾಳಮದ್ದಲೆಯೆಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ ಪದ್ಯಗಳನ್ನು ಹಾಡುತ್ತಾರೆ. ಚೆಂಡೆ ಮದ್ದಳೆಗಳ ಹಿಮ್ಮೇಳವಿರುತ್ತದೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ತಮಗೆ ವಹಿಸಿದ ಪಾತ್ರವಾಗಿ ಮಾತಾಡುತ್ತಾರೆ. ಆ ಮಾತಿಗೆ ಬರೆದಿಟ್ಟ ಪಠ್ಯವಿಲ್ಲ. ಅದೇ ಪ್ರಸಂಗವನ್ನು ಅದೇ ಅರ್ಥಧಾರಿಗಳು ಮರುವಾರ ನಡೆಸಿದರೆ ವಾದ ಬೇರೆ ದಾರಿ ಹಿಡಿಯುತ್ತದೆ, ಆದುದರಿಂದ ಒಂದು ರಾತ್ರಿಯ ಧ್ವನಿಮುದ್ರಣವೇ ಆ ರಾತ್ರಿಯ ಏಕೈಕ ಪಠ್ಯ. ಕ್ಯಾಸೆಟ್ಟುಗಳ ಕಾಲದಲ್ಲಿ ಆಸಕ್ತರು ಕೂಟದಿಂದ ಕೂಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಮಾಡಿಕೊಂಡ ಇಂಥ ಮುದ್ರಣಗಳು ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡುಗಳ ಮನೆಗಳಲ್ಲಿಯೂ ಮುಂಬಯಿಗೆ ವಲಸೆ ಹೋದವರ ಮನೆಗಳಲ್ಲಿಯೂ ಉಳಿದಿವೆ. ಅನೇಕವು ಈಗ ಎಂಪಿ3 ಕಡತಗಳಾಗಿ ಬದಲಾಗಿವೆ. ಸೆಕೆಂಡಿಗೆ 128 ಕಿಲೋಬಿಟ್ ಗುಣಮಟ್ಟದಲ್ಲಿ 90 ನಿಮಿಷದ ಕ್ಯಾಸೆಟ್ಟೊಂದು ಸುಮಾರು 86 ಮೆಗಾಬೈಟ್ ಆಗುತ್ತದೆ. ಆ ಲೆಕ್ಕದಲ್ಲಿ ಅಂಗೈಯಗಲದ ಒಂದು ಟೆರಾಬೈಟ್ ಡಿಸ್ಕಿನಲ್ಲಿ 11,000ಕ್ಕೂ ಹೆಚ್ಚು ಕ್ಯಾಸೆಟ್ಟುಗಳು ಹಿಡಿಸುತ್ತವೆ. ಜಾಗದ ಸಮಸ್ಯೆ ತೀರಿದ ಮೇಲೆ ಸಂಗ್ರಹದ ಸಮಸ್ಯೆಯೂ ತೀರಿತೆಂದು ಜನ ಭಾವಿಸಿದರು.

ಹುಡುಕಾಟದ ಯಂತ್ರ ಹುಡುಕುವುದು ಬರೆದಿರುವುದನ್ನು. ಕಡತದ ಹೆಸರಿನಲ್ಲಿಯೋ ಅದರ ಒಳಗಿನ ಪಠ್ಯದಲ್ಲಿಯೋ ಎಲ್ಲಿಯೂ ಬರೆದಿರದ ಸಂಗತಿಯನ್ನು ಅದು ಹುಡುಕಲಾರದು. ಇದಕ್ಕೆ ಸಿದ್ಧವಾಗಿರುವ ಉತ್ತರವೆಂದರೆ, ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ದಿನದಿನಕ್ಕೆ ಉತ್ತಮಗೊಳ್ಳುತ್ತಿರುವುದರಿಂದ ಇಡೀ ಧ್ವನಿಮುದ್ರಣವೇ ನಾಳೆ ಪಠ್ಯವಾಗುತ್ತದೆ ಎಂಬುದು. ಚೆಂಡೆಯ ಸದ್ದು, ಸವೆದ ಟೇಪಿನ ಗೊರಗೊರ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಎತ್ತುವ ಮಾತು ಇವೆಲ್ಲವನ್ನೂ ಆ ತಂತ್ರಾಂಶ ಗೆದ್ದಿತೆಂದೇ ಒಪ್ಪಿಕೊಳ್ಳೋಣ; ಒಂದಕ್ಷರವೂ ತಪ್ಪದಂತೆ ಬರೆದುಕೊಟ್ಟಿತೆಂದೂ ಒಪ್ಪಿಕೊಳ್ಳೋಣ. ಆಗಲೂ ಆ ಪಠ್ಯದಲ್ಲಿ ಸಿಗುವುದು ವಾಲಿ, ಸುಗ್ರೀವ, ರಾಮ, ತಾರೆ ಎಂಬ ಹೆಸರುಗಳು. ಅರ್ಥಧಾರಿ ಕೂಟದುದ್ದಕ್ಕೂ ಮಾತಾಡುವುದು ವಾಲಿಯಾಗಿ. ಅವನ ಸ್ವಂತ ಹೆಸರು ಅವನ ಬಾಯಿಂದ ಬರುವುದಿಲ್ಲ, ಎದುರಾಳಿಯ ಬಾಯಿಂದಲೂ ಬರುವುದಿಲ್ಲ. ಆರಂಭದಲ್ಲಿ ಸಂಘಟಕರು ಮಾಡುವ ಪರಿಚಯವೋ ಕೊನೆಯ ವಂದನಾರ್ಪಣೆಯೋ ಟೇಪಿನಲ್ಲಿ ಸೇರಿದ್ದರೆ ಅದು ಅದೃಷ್ಟ. ಟೇಪನ್ನು ಉಳಿಸುವ ಆತುರದಲ್ಲಿ ಮುದ್ರಣಕಾರರು ಮೊದಲು ಬಿಟ್ಟದ್ದೇ ಆ ಭಾಷಣಗಳನ್ನು. ಹೀಗೆ ಯಾರು, ಎಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆಗಳಿಗೂ ಧ್ವನಿಯ ಒಳಗಡೆ ಉತ್ತರವಿಲ್ಲ. ಉತ್ತರವಿರುವುದು ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಪೆನ್ಸಿಲಿನ ಅಕ್ಷರಗಳಲ್ಲಿ, ಇಲ್ಲವೆ ಆ ರಾತ್ರಿ ಅಲ್ಲಿ ಕುಳಿತಿದ್ದವರ ನೆನಪಿನಲ್ಲಿ.

ದನಿಯನ್ನೇ ಗುರುತಿಸುವ ಯಂತ್ರವಿದೆಯಲ್ಲ ಎಂದು ಇಲ್ಲಿ ಕೇಳುವವರುಂಟು. ಎರಡು ಧ್ವನಿಮುದ್ರಣಗಳಲ್ಲಿರುವ ದನಿ ಒಂದೇ ಎಂದು ಆ ಯಂತ್ರ ಹೇಳಬಹುದು, ಇನ್ನೂರು ಕಡತಗಳಲ್ಲಿ ಹರಡಿರುವ ಒಂದು ದನಿಯನ್ನು ಒಟ್ಟುಗೂಡಿಸಿಯೂ ಕೊಡಬಹುದು, ಮತ್ತು ಇದು ಬಹಳ ದೊಡ್ಡ ಉಪಕಾರ. ಆದರೆ ಆ ದನಿ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರದೆಂದು ಒಮ್ಮೆಯಾದರೂ ಒಬ್ಬ ಮನುಷ್ಯ ಎಲ್ಲಿಯಾದರೂ ಬರೆದಿರಬೇಕು. ಬರೆದಿರದಿದ್ದರೆ ಯಂತ್ರ ಕೊಡುವುದು ಹೆಸರಿಲ್ಲದ ದನಿಗಳ ಅಚ್ಚುಕಟ್ಟಾದ ಗುಂಪುಗಳನ್ನು ಮಾತ್ರ. ಫೋಟೋಗಳಲ್ಲಿ ಮುಖಗಳನ್ನು ಗುಂಪುಮಾಡುವ ತಂತ್ರಾಂಶದ ಸ್ಥಿತಿಯೂ ಇದೇ. ಪ್ರಖ್ಯಾತರ ವಿಷಯದಲ್ಲಿ ಈ ಕೊರತೆ ಕಾಣದೆ ಹೋಗಬಹುದು, ಏಕೆಂದರೆ ಅವರ ಹೆಸರನ್ನು ಬೇರೆಯವರು ಈಗಾಗಲೇ ನೂರು ಕಡೆ ಬರೆದಿಟ್ಟಿದ್ದಾರೆ. ಊರಿನ ಸಂಘದಲ್ಲಿ ಹತ್ತಾರು ವರ್ಷ ಅರ್ಥ ಹೇಳಿ, ಪತ್ರಿಕೆಯಲ್ಲಿ ಒಮ್ಮೆಯೂ ಹೆಸರು ಬಾರದೆ ತೀರಿಕೊಂಡ ಅಧ್ಯಾಪಕನ ಅಥವಾ ಕೃಷಿಕನ ದನಿಯನ್ನು ಮನೆಯ ಸಂಗ್ರಹವೊಂದು ಕಾಪಾಡಿಕೊಂಡಿದ್ದರೆ, ಆ ಸಂಗ್ರಹದ ನಿಜವಾದ ಬೆಲೆ ಇರುವುದೇ ಅಲ್ಲಿ.

ಹುಡುಕಾಟದ ಪಕ್ಷದವರು ತಮ್ಮ ಬಲವಾದ ಪುರಾವೆಯಾಗಿ ಮುಂದಿಡುವುದು ಗೂಗಲ್ಲಿನ ಗೆಲುವನ್ನು. 1994ರಲ್ಲಿ ಹುಟ್ಟಿದ ಯಾಹೂ ಜಾಲತಾಣಗಳನ್ನು ವಿಷಯವಾರು ವಿಂಗಡಿಸಿದ ಒಂದು ಸೂಚಿಯಾಗಿತ್ತು, ಜನರು ಕೈಯಾರೆ ಮಾಡಿದ ವಿಂಗಡಣೆ ಅದು. 1998ರಲ್ಲಿ ಸ್ಥಾಪನೆಯಾದ ಗೂಗಲ್ ಏನನ್ನೂ ವಿಂಗಡಿಸದೆ ಅದನ್ನು ಹಿಂದಿಕ್ಕಿತು, ಯಾಹೂ ಸೂಚಿ 2014ರಲ್ಲಿ ಮುಚ್ಚಿಹೋಯಿತು. ಇತಿಹಾಸ ನಿಜ, ಅದರಿಂದ ತೆಗೆದ ತೀರ್ಮಾನ ಸುಳ್ಳು. ಗೂಗಲ್ಲಿನ ಮೊದಲ ಹೆಚ್ಚುಗಾರಿಕೆಯಾದ ಪೇಜ್‌ರ‍್ಯಾಂಕ್ ಎಂಬ ಗಣನಾವಿಧಾನವು ಯಾವ ಪುಟಕ್ಕೆ ಯಾವ ಯಾವ ಪುಟಗಳು ಕೊಂಡಿ ಕೊಟ್ಟಿವೆ ಎಂಬುದನ್ನು ಎಣಿಸಿ, ತೂಗಿ, ಪುಟಗಳ ಮಹತ್ವವನ್ನು ಅಳೆಯುತ್ತಿತ್ತು. ಆ ಕೊಂಡಿಗಳನ್ನು ಹಾಕಿದವರು ಲಕ್ಷಾಂತರ ಮನುಷ್ಯರು. ಈ ಪುಟ ಆ ಪುಟಕ್ಕೆ ಸಂಬಂಧಿಸಿದ್ದೆಂದು ಒಬ್ಬೊಬ್ಬರೂ ಕೊಟ್ಟ ತೀರ್ಪೇ ಒಂದೊಂದು ಕೊಂಡಿ. ಅಂದರೆ ವಿಂಗಡಣೆಯ ಶ್ರಮವನ್ನು ಗೂಗಲ್ ಇಲ್ಲವಾಗಿಸಲಿಲ್ಲ, ಈಗಾಗಲೇ ನಡೆದಿದ್ದ ಶ್ರಮವನ್ನು ಬಳಸಿಕೊಂಡಿತು. ಮನೆಯ ಡಿಸ್ಕಿನಲ್ಲಿರುವ ಎರಡು ಧ್ವನಿಕಡತಗಳ ನಡುವೆ ಯಾರೂ ಯಾವ ಕೊಂಡಿಯನ್ನೂ ಹಾಕಿಲ್ಲ, ಆದ್ದರಿಂದ ಅಲ್ಲಿ ಬಳಸಿಕೊಳ್ಳಲು ಏನೂ ಇಲ್ಲ.

ಹೆಸರುಗಳ ವಿಷಯದಲ್ಲಿ ಕನ್ನಡದ ಪರಿಸ್ಥಿತಿ ಇನ್ನೂ ತೊಡಕಿನದು, ಮತ್ತು ಹುಡುಕಾಟವನ್ನು ಕೊಂಡಾಡುವವರು ಈ ತೊಡಕನ್ನು ಎಣಿಕೆಗೇ ತಂದುಕೊಂಡಿಲ್ಲ. ಬಲಿಪ ನಾರಾಯಣ ಭಾಗವತರೆಂದರೆ ಅಜ್ಜನೂ ಹೌದು, 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಮೊಮ್ಮಗನೂ ಹೌದು. ಇಬ್ಬರೂ ಯಕ್ಷಗಾನದ ತೆಂಕುತಿಟ್ಟು ಶೈಲಿಯ ಭಾಗವತರೇ. ಸಾಮಗರೆಂದು ಹುಡುಕಿದರೆ ಮಲ್ಪೆಯ ಅರ್ಥಧಾರಿ ಅಣ್ಣತಮ್ಮಂದಿರಾದ ಶಂಕರನಾರಾಯಣ ಸಾಮಗರೂ ರಾಮದಾಸ ಸಾಮಗರೂ ಬರುತ್ತಾರೆ, ಅದೇ ಮನೆತನದ ಮುಂದಿನ ಪೀಳಿಗೆಯವರೂ ಬರುತ್ತಾರೆ. ಪ್ರಸಂಗವೊಂದೇ, ಹೆಸರು ವಾಲಿಸಂಹಾರವೆಂದೋ ವಾಲಿವಧೆಯೆಂದೋ ವಾಲಿಮೋಕ್ಷವೆಂದೋ ಇರಬಹುದು. ಇಡೀ ಕಲೆಯ ಹೆಸರನ್ನೇ ಕೆಲವರು ತಾಳಮದ್ದಲೆಯೆಂದು, ಕೆಲವರು ತಾಳಮದ್ದಳೆಯೆಂದು ಬರೆಯುತ್ತಾರೆ. ಒಂದನ್ನು ಬರೆದು ಹುಡುಕಿದವನಿಗೆ ಇನ್ನೊಂದು ಸಿಗದೆ ಹೋಗುತ್ತದೆ. ಸಾಹಿತ್ಯದ ಕಡೆಗೆ ತಿರುಗಿದರೆ ಪುಟ್ಟಪ್ಪನವರೂ ಕುವೆಂಪು ಅವರೂ ಒಬ್ಬರೇ ಎಂದು, ಬೇಂದ್ರೆಯವರೂ ಅಂಬಿಕಾತನಯದತ್ತರೂ ಒಬ್ಬರೇ ಎಂದು, ಶ್ರೀರಂಗರೂ ಆದ್ಯ ರಂಗಾಚಾರ್ಯರೂ ಒಬ್ಬರೇ ಎಂದು ಅಕ್ಷರಗಳನ್ನು ಹೋಲಿಸಿ ನೋಡುವ ಯಾವ ಹುಡುಕಾಟಕ್ಕೂ ತಿಳಿಯುವುದಿಲ್ಲ. ಇದರ ಪರಿಣಾಮವನ್ನು ದೊಡ್ಡ ಪ್ರಮಾಣದಲ್ಲಿ ಕಾಣಬೇಕಾದರೆ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯನ್ನು ನೋಡಬಹುದು. ಅಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ಶೀರ್ಷಿಕೆಗಳೂ ಲೇಖಕರ ಹೆಸರುಗಳೂ ರೋಮನ್ ಲಿಪಿಯಲ್ಲಿ, ಒಂದು ನಿಯಮವಿಲ್ಲದೆ ದಾಖಲಾದುದರಿಂದ ಕನ್ನಡದಲ್ಲಿ ಹುಡುಕುವ ಓದುಗನಿಗೆ ಆ ಪುಸ್ತಕಗಳು ಇದ್ದೂ ಇಲ್ಲದಂತಾಗಿದ್ದವು. ಸಂಚಯ ಎಂಬ ಬಳಗವು ‘ಪುಸ್ತಕ ಸಂಚಯ’ಕ್ಕಾಗಿ ಆಸಕ್ತರನ್ನೆಲ್ಲ ಕೂಡಿಸಿಕೊಂಡು ಆ ವಿವರಗಳನ್ನು ಕನ್ನಡ ಲಿಪಿಗೆ ತಂದ ಮೇಲೆಯೇ ಅವು ಕನ್ನಡದಲ್ಲಿ ಹುಡುಕಿದರೆ ಸಿಗುವಂತಾದುದು. ಪುಟಗಳ ಚಿತ್ರಗಳಲ್ಲಿ ಏನೂ ಬದಲಾಗಲಿಲ್ಲ, ಬದಲಾದುದು ಅವುಗಳ ಕುರಿತ ವಿವರ ಮಾತ್ರ.

ಫೋಲ್ಡರುಗಳಲ್ಲಿ ಜೋಡಿಸಿಟ್ಟರೆ ಸಾಲದೆ ಎಂಬುದು ಮಧ್ಯಮಮಾರ್ಗಿಗಳ ಪ್ರಶ್ನೆ. ಒಂದು ಕೂಟದಲ್ಲಿ ಶೇಣಿಯವರು ವಾಲಿ, ರಾಮದಾಸ ಸಾಮಗರು ರಾಮ, ಬಲಿಪರು ಭಾಗವತರು ಎಂದಿಟ್ಟುಕೊಂಡರೆ, ಆ ಕಡತ ಶೇಣಿಯವರ ಫೋಲ್ಡರಿಗೆ ಹೋಗಬೇಕೆ, ಸಾಮಗರದಕ್ಕೆ ಹೋಗಬೇಕೆ, ಬಲಿಪರದಕ್ಕೋ, ಪ್ರಸಂಗದ್ದಕ್ಕೋ? ಯಾವುದಕ್ಕೆ ಹೋದರೂ ಉಳಿದ ಮೂರು ದಾರಿಗಳು ಮುಚ್ಚುತ್ತವೆ. ನಾಲ್ಕರಲ್ಲಿಯೂ ನಕಲಿಟ್ಟರೆ ಒಂದರಲ್ಲಿ ತಿದ್ದಿದ ತಪ್ಪು ಉಳಿದ ಮೂರರಲ್ಲಿ ಹಾಗೇ ಉಳಿಯುತ್ತದೆ. ಎಂಪಿ3 ಕಡತದ ಒಳಗೇ ಹೆಸರು ಬರೆಯಲು ಐಡಿ3 ಎಂಬ ವ್ಯವಸ್ಥೆಯುಂಟು. ಅದರ ಮೊದಲ ರೂಪದಲ್ಲಿ ಕಲಾವಿದನ ಹೆಸರಿಗೆ ಮೀಸಲಾಗಿರುವುದು 30 ಬೈಟು; ಯೂನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ 3 ಬೈಟು ತೆಗೆದುಕೊಳ್ಳುವುದರಿಂದ, ಒತ್ತು ದೀರ್ಘಗಳೂ ಬಿಡಿ ಸಂಕೇತಗಳಾಗಿಯೇ ಎಣಿಕೆಯಾಗುವುದರಿಂದ, ‘ಗೋಪಾಲಕೃಷ್ಣ’ ಎಂಬಷ್ಟೇ ಬರೆಯುವಷ್ಟರಲ್ಲಿ ಆ 30 ಬೈಟೂ ಮುಗಿದುಹೋಗುತ್ತದೆ, ಶೇಣಿಗೂ ಭಟ್ಟರಿಗೂ ಜಾಗವಿಲ್ಲ. ನಂತರದ ರೂಪದಲ್ಲಿ ಉದ್ದದ ಮಿತಿ ಹೋಯಿತು, ಆದರೆ ಕಲ್ಪನೆ ಬದಲಾಗಲಿಲ್ಲ. ಒಂದು ಹಾಡು, ಅದಕ್ಕೊಬ್ಬ ಗಾಯಕ, ಅವರ ಒಂದು ಆಲ್ಬಂ ಎಂಬ ಪಾಶ್ಚಾತ್ಯ ಜನಪ್ರಿಯ ಸಂಗೀತದ ಅಚ್ಚಿನಲ್ಲಿ ಅದು ಹುಟ್ಟಿದ್ದು. ಯಾವ ಅರ್ಥಧಾರಿ ಯಾವ ಪಾತ್ರ ವಹಿಸಿದನೆಂಬುದನ್ನು ಬರೆಯುವ ಮನೆ ಅಲ್ಲಿ ಸಹಜವಾಗಿ ಇಲ್ಲ.

ಆ ಮನೆ ಇರುವುದು ಡೇಟಾಬೇಸಿನಲ್ಲಿ. ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ಮಾದರಿಯಂತೆ ಮಾಹಿತಿಯನ್ನು ಸರಳ ಕೋಷ್ಟಕಗಳಲ್ಲಿ ಇಡಲಾಗುತ್ತದೆ, ಪ್ರತಿಯೊಂದು ಸಾಲಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತುಸಂಖ್ಯೆ ಇರುತ್ತದೆ, ಒಂದು ಕೋಷ್ಟಕದ ಸಾಲು ಇನ್ನೊಂದರ ಸಾಲನ್ನು ಆ ಸಂಖ್ಯೆಯ ಮೂಲಕ ಸೂಚಿಸುತ್ತದೆ. ತಾಳಮದ್ದಲೆಯ ಸಂಗ್ರಹಕ್ಕೆ ವ್ಯಕ್ತಿಗಳದೊಂದು, ಅವರ ಹೆಸರುಗಳ ನಾನಾ ರೂಪಗಳದೊಂದು, ಪ್ರಸಂಗಗಳದೊಂದು, ಕೂಟಗಳದೊಂದು, ಧ್ವನಿಕಡತಗಳದೊಂದು ಕೋಷ್ಟಕ ಬೇಕು. ಇವೆಲ್ಲಕ್ಕಿಂತ ಮುಖ್ಯವಾದುದು ಪಾತ್ರಹಂಚಿಕೆಯ ಕೋಷ್ಟಕ, ಅದರ ಒಂದೊಂದು ಸಾಲೂ ಇಂಥ ಕೂಟದಲ್ಲಿ ಇಂಥ ವ್ಯಕ್ತಿ ಇಂಥ ಪಾತ್ರವೆಂದು ಹೇಳುತ್ತದೆ. ಅಜ್ಜ ಬಲಿಪರಿಗೂ ಮೊಮ್ಮಗ ಬಲಿಪರಿಗೂ ಬೇರೆ ಬೇರೆ ಸಂಖ್ಯೆ. ವಾಲಿಸಂಹಾರಕ್ಕೂ ವಾಲಿವಧೆಗೂ ಒಂದೇ ಸಂಖ್ಯೆ. ಇದರ ಮೇಲೆ ನಿಲ್ಲುವ ಜಾಲತಾಣದಲ್ಲಿ ಪುಟಗಳನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಓದುಗ ಕೇಳಿದಾಗ ತಂತ್ರಾಂಶವು ತಕ್ಕ ಸಾಲುಗಳನ್ನು ಕೂಡಿಸಿ ಪುಟವನ್ನು ರಚಿಸುತ್ತದೆ. ವಾಲಿಯ ಪಾತ್ರವನ್ನು ಯಾರು ಯಾರು ನಿರ್ವಹಿಸಿದ್ದಾರೆ, ಇಬ್ಬರು ನಿರ್ದಿಷ್ಟ ಅರ್ಥಧಾರಿಗಳು ಎದುರಾದ ಕೂಟಗಳೆಷ್ಟು, ಒಂದೇ ಊರಿನಲ್ಲಿ ಹತ್ತು ವರ್ಷಗಳಲ್ಲಿ ಯಾವ ಪ್ರಸಂಗಗಳು ಹೆಚ್ಚು ನಡೆದವು ಎಂಬ ಪ್ರಶ್ನೆಗಳು ಆಗ ಒಂದು ಕ್ಲಿಕ್ಕಿನ ಕೆಲಸ. ಕಡತಗಳ ರಾಶಿಯಲ್ಲಿ ಇವು ಕೇಳಲೂ ಆಗದ ಪ್ರಶ್ನೆಗಳು.

ವೈನ್‌ಬರ್ಗರ್ ಅವರ ವಾದದಲ್ಲಿ ಒಂದು ಪಾಲು ಸತ್ಯವಿದೆ: ಮರದ ಕೊಂಬೆಗಳಂತೆ ಕವಲೊಡೆಯುವ ಒಂದೇ ವರ್ಗೀಕರಣದೊಳಗೆ ಎಲ್ಲವನ್ನೂ ತುರುಕುವುದು ತಪ್ಪು. ಆದರೆ ಈ ತಿಳಿವಳಿಕೆಗೆ ಡಿಜಿಟಲ್ ಯುಗ ಬೇಕಾಗಿರಲಿಲ್ಲ. 1933ರಲ್ಲಿಯೇ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದ ಎಸ್. ಆರ್. ರಂಗನಾಥನ್ ವಿಷಯವೊಂದನ್ನು ಅದರ ಮುಖಗಳಾಗಿ ಬಿಡಿಸಿ ಮತ್ತೆ ಜೋಡಿಸುವ ದಾರಿಯನ್ನು ತೋರಿಸಿದ್ದರು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲವರ್ಗಗಳು ಮುಂದೆ ಆ ಪದ್ಧತಿಯ ಆಧಾರವಾದವು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, ಅದೇ ಊರಿನಲ್ಲಿ 1972ರಲ್ಲಿ ತೀರಿಕೊಂಡರು. ಒಂದೇ ಮರದ ವರ್ಗೀಕರಣ ಸಾಲದೆಂಬುದರಿಂದ ರಂಗನಾಥನ್ ತೆಗೆದ ತೀರ್ಮಾನ ಇನ್ನಷ್ಟು ಸೂಕ್ಷ್ಮವಾಗಿ ವರ್ಗೀಕರಿಸಬೇಕೆಂಬುದು, ವರ್ಗೀಕರಣವನ್ನೇ ಕೈಬಿಡಬೇಕೆಂಬುದಲ್ಲ. ಗ್ರಂಥಾಲಯ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟವು 1998ರಲ್ಲಿ ಕೃತಿ, ಅದರ ಅಭಿವ್ಯಕ್ತಿ, ಪ್ರಕಟರೂಪ, ಕೈಯಲ್ಲಿರುವ ಪ್ರತಿ ಎಂದು ಮಾಡಿದ ನಾಲ್ಕು ಹಂತದ ವಿವೇಚನೆಯೂ ಇದೇ ಪರಂಪರೆಯದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಾಗಿರುವ ರಾಮಾಯಣದ ಪ್ರಸಂಗ ಕೃತಿ. ಒಂದು ರಾತ್ರಿಯ ಕೂಟ ಅದರ ಅಭಿವ್ಯಕ್ತಿ. ಮಾರಾಟಕ್ಕೆ ಬಂದ ಕ್ಯಾಸೆಟ್ಟು ಪ್ರಕಟರೂಪ. ಪೆಟ್ಟಿಗೆಯಲ್ಲಿರುವ ಕ್ಯಾಸೆಟ್ಟು ಪ್ರತಿ. ಮಾತಿನಲ್ಲಿಯೇ ಕಟ್ಟಿಕೊಳ್ಳುವ ಕಲೆಗೆ ಈ ವಿವೇಚನೆ ಹೊಂದುವಷ್ಟು ಸೊಗಸಾಗಿ ಅಚ್ಚಾದ ಪುಸ್ತಕಕ್ಕೂ ಹೊಂದಲಾರದು.

ಡೇಟಾಬೇಸ್ ಆಧಾರಿತ ಜಾಲತಾಣಗಳು ಬಹುಕಾಲ ಬದುಕುವುದಿಲ್ಲವೆಂಬ ಆಕ್ಷೇಪ ಮಾತ್ರ ಗಟ್ಟಿಯಾದುದು. ಯಾಹೂ ಒಡೆತನದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಅಸಂಖ್ಯ ಮಂದಿಯ ಸ್ವಂತ ಪುಟಗಳು ಅಲ್ಲಿಂದ ಅಳಿದವು. 2015ರಲ್ಲಿ ಬಂದ ಪಿಎಚ್‌ಪಿ ಎಂಬ ಜಾಲತಾಣ ರಚನೆಯ ಭಾಷೆಯ 7 ಎಂಬ ಆವೃತ್ತಿಯು ಮೈಎಸ್‌ಕ್ಯುಎಲ್ ಡೇಟಾಬೇಸನ್ನು ಮಾತಾಡಿಸುವ ಹಳೆಯ ಆಜ್ಞೆಗಳನ್ನು ತೆಗೆದುಹಾಕಿದ್ದರಿಂದ, ಅವುಗಳನ್ನು ನಂಬಿದ್ದ, ಯಾರೂ ತಿದ್ದದೆ ಬಿಟ್ಟಿದ್ದ ತಾಣಗಳು ಕೆಟ್ಟು ನಿಂತವು. ಇದರಿಂದ ಸಿದ್ಧವಾಗುವುದು ತಾಣ ಬೇರೆ, ದತ್ತಾಂಶ ಬೇರೆ ಎಂಬುದು. ಕೋಷ್ಟಕಗಳನ್ನು 2000ದಲ್ಲಿ ಬಂದ ಎಸ್‌ಕ್ಯುಲೈಟ್‌ನಂಥ, ಇಡೀ ಡೇಟಾಬೇಸು ಒಂದೇ ಕಡತದಲ್ಲಿ ಅಡಗುವ ರೂಪದಲ್ಲಿ ಇಟ್ಟುಕೊಳ್ಳಬಹುದು; ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶವನ್ನು ಕಾಪಿಡಲು ಶಿಫಾರಸು ಮಾಡುವ ರೂಪಗಳಲ್ಲಿ ಅದೂ ಒಂದು. ಅವೇ ಕೋಷ್ಟಕಗಳನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಪಠ್ಯವಾಗಿಯೂ ತೆಗೆದಿಟ್ಟರೆ ಯಾವ ಗಣಕದಲ್ಲಾದರೂ ಓದಬಹುದು. ಅದರ ಮೇಲಿನ ಜಾಲತಾಣ ಹತ್ತು ವರ್ಷಕ್ಕೊಮ್ಮೆ ಸಾಯಲಿ, ಮತ್ತೆ ಕಟ್ಟಲಿ. ಎಲ್ಲವನ್ನೂ ಯಾವುದೋ ಕಂಪನಿಯ ಮೋಡಸಂಗ್ರಹಕ್ಕೆ ಏರಿಸಿ ಹುಡುಕಾಟವನ್ನು ಅವರಿಗೇ ವಹಿಸಿದವನಿಗೆ ಈ ಭಾಗ್ಯವಿಲ್ಲ. ಆ ಸೇವೆ ನಿಂತ ದಿನ ಕಡತಗಳನ್ನು ಇಳಿಸಿಕೊಳ್ಳಲು ಬಿಟ್ಟರೂ ಹುಡುಕಾಟ ಅವರಲ್ಲಿಯೇ ಉಳಿಯುತ್ತದೆ.

ಹಕ್ಕುಗಳ ವಿಷಯದಲ್ಲಿಯೂ ರಾಶಿ ಅಪಾಯಕಾರಿ. 1957ರ ಕೃತಿಸ್ವಾಮ್ಯ ಕಾಯಿದೆಯ 38ನೆಯ ಸೆಕ್ಷನ್ ಪ್ರದರ್ಶನ ನೀಡಿದ ಕಲಾವಿದನಿಗೆ 50 ವರ್ಷಗಳ ಹಕ್ಕನ್ನು ಕೊಡುತ್ತದೆ. ಯಾರ ಒಪ್ಪಿಗೆ ಸಿಕ್ಕಿದೆ, ಯಾವುದನ್ನು ಮನೆಯೊಳಗೆ ಮಾತ್ರ ಕೇಳಬೇಕು ಎಂಬುದಕ್ಕೆ ಡೇಟಾಬೇಸಿನಲ್ಲಿ ಒಂದು ಕಾಲಂ ಸಾಕು. ವಿವರವನ್ನು ಎಲ್ಲರಿಗೂ ತೋರಿಸಿ, ಧ್ವನಿಯನ್ನು ಒಪ್ಪಿಗೆಯಿದ್ದಲ್ಲಿ ಮಾತ್ರ ತೆರೆಯಬಹುದು.

ಕೊನೆಗುಳಿಯುವುದು ಸಮಯದ ಮಾತು. ಐದು ಸಾವಿರ ಕಡತಗಳಿಗೆ ವಿವರ ಬರೆಯಲು ಯಾರಿಗೆ ಬಿಡುವಿದೆ ಎಂದು ಕೇಳುವವರು, ಎಲ್ಲ ಕಡತಗಳ ಎಲ್ಲ ಕಾಲಂಗಳನ್ನೂ ತುಂಬಬೇಕೆಂದು ತಾವೇ ಕಲ್ಪಿಸಿಕೊಂಡಿರುತ್ತಾರೆ. ಸಂಬಂಧಾತ್ಮಕ ಡೇಟಾಬೇಸಿನಲ್ಲಿ ಗೊತ್ತಿಲ್ಲವೆಂಬುದನ್ನು ನಮೂದಿಸಲು ನಲ್ ಎಂಬ ಪ್ರತ್ಯೇಕ ವ್ಯವಸ್ಥೆಯೇ ಇದೆ, ಅದು ಸೊನ್ನೆಯೂ ಅಲ್ಲ, ಖಾಲಿ ಬರಹವೂ ಅಲ್ಲ. ತಾರೀಕು ತಿಳಿಯದ ಕೂಟ, ಊರು ತಿಳಿಯದ ಕೂಟ ಅಲ್ಲಿ ಅಡ್ಡಿಯಿಲ್ಲದೆ ನಿಲ್ಲುತ್ತದೆ. ತಾರೀಕನ್ನು ಹಳೆಯ ಪತ್ರಿಕೆಯ ಪ್ರಕಟಣೆಯಿಂದಲೋ ಕರಪತ್ರದಿಂದಲೋ ಇಪ್ಪತ್ತು ವರ್ಷಗಳ ಬಳಿಕವೂ ಕಂಡುಹಿಡಿಯಬಹುದು. ದನಿಯ ಹೆಸರನ್ನು ಹಾಗೆ ಕಂಡುಹಿಡಿಯಲಾಗದು. ಕ್ಯಾಸೆಟ್ಟಿನ ಕಾಲದ ಕೂಟಗಳಿಗೆ ರಾತ್ರಿಯಿಡೀ ಕುಳಿತು ಕೇಳಿದವರಿಗೆ ಈಗ ವಯಸ್ಸಾಗಿದೆ. ಒಂದು ನಿಮಿಷ ಕೇಳಿಸಿದರೆ ಇದು ಇಂಥವರ ಅರ್ಥವೆಂದು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ, ಮತ್ತು ಯಂತ್ರ ಎಲ್ಲವನ್ನೂ ಹುಡುಕಿಕೊಡುತ್ತದೆಂಬ ಭರವಸೆ ಅವರನ್ನು ಕೇಳುವ ಅಗತ್ಯವೇ ಇಲ್ಲವೆಂದು ಸಂಗ್ರಹಕಾರರನ್ನು ನಂಬಿಸಿ ಕೂರಿಸಿದೆ. ಆದ್ದರಿಂದ ಪಾತ್ರಹಂಚಿಕೆಯ ಕೋಷ್ಟಕಕ್ಕೆ ಇನ್ನೆರಡು ಕಾಲಂಗಳು ಬೇಕು: ದನಿಯನ್ನು ಗುರುತಿಸಿ ಹೇಳಿದವರು ಯಾರು, ಅವರಿಗೆ ಅದು ಎಷ್ಟು ಖಚಿತ. ಇಬ್ಬರು ಹಿರಿಯರು ಬೇರೆ ಬೇರೆ ಹೆಸರು ಹೇಳಿದರೆ ಎರಡೂ ದಾಖಲಾಗಬೇಕು, ಅವರಿಬ್ಬರ ಹೆಸರಿನ ಸಮೇತ. ಹೊದಿಕೆಯ ಮೇಲೆ ವಿವರವಿರುವ ಕ್ಯಾಸೆಟ್ಟುಗಳನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಿ ನಮೂದಿಸಬಹುದು. ಹಿರಿಯರೆದುರು ಮೊದಲು ಹಾಕಿ ಕೇಳಿಸಬೇಕಾದುದು ಹೊದಿಕೆಯ ಮೇಲೆ ಏನೂ ಬರೆಯದೆ ಉಳಿದಿರುವ ಕ್ಯಾಸೆಟ್ಟುಗಳನ್ನು.